‘ಬಿಟ್ರು’ ಅಂದರೆ ಯಾರು? ಹೆಣ್ಣಿನ ನೋವಿನ ಕತೆ ಮತ್ತು ಅದನ್ನು ಬರೆಯುವ ಕೈ

2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ದೇವದಾಸಿ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ಅಪ್ಪನ ಹೆಸರು ಬರೆಯಲೇಬೇಕು ಅಂತಿಲ್ಲ. ಅಪ್ಪ ಯಾರು ಅಂತ ಕಾನೂನಿನ ಮೂಲಕ ಗುರುತಿಸಿಕೊಳ್ಳಲು ಬಯಸುವ ಮಕ್ಕಳಿಗೂ ದಾರಿ ಇದೆ. ಇದರ ಬೆನ್ನಿಗೇ ಬಳ್ಳಾರಿ, ಕೊಪ್ಪಳ, ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳಲ್ಲಿ ದೇವದಾಸಿಯರ ಮೂರನೇ ಸಮೀಕ್ಷೆ ಶುರುವಾಯಿತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಗಳನ್ನು ಹೆಣ್ಣುಮಕ್ಕಳು ಮತ್ತೊಮ್ಮೆ ಬಾಗಿಲಿಗೆ ಬಂದವರ ಮುಂದೆ ಹೇಳಬೇಕಾಯಿತು.

ಇದೇ ಹೊತ್ತಿನಲ್ಲಿ, ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳು ತಮ್ಮ ಬದುಕಿನ ಬಗ್ಗೆ ಹೆಸರು ಹಾಕಿಯೇ ಬರೆಯುವುದೂ ಜಾಸ್ತಿಯಾಗಿದೆ. ಓದುವವರಿಗೆ ಗೊಂದಲವೂ ಆಗುತ್ತಿದೆ. ಹಿಂಸೆಗೆ ಒಳಗಾದವರ ಹೆಸರು ಹೊರಗೆ ಬರಬಾರದು ಅಂತ ಕಾನೂನಿದೆ ಅಲ್ವಾ, ಮತ್ತೆ ಆಕೆಯೇ ಹೇಗೆ ಬರೆದಳು? ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ? ಬರೆದದ್ದೆಲ್ಲ ನಿಜ ಅಂತ ನಂಬಬೇಕಾ? ಈ ಭಾಗದಲ್ಲಿ ಇವುಗಳ ಜೊತೆ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: ಹೇಳಿದವಳು ಒಬ್ಬಳು, ಬರೆದವರು ಇನ್ನೊಬ್ಬರು, ಹಾಗಾದರೆ ಕತೆ ಯಾರದು?

ಒಂದೇ ನೋವು, ನಾಲ್ಕು ಕಡೆ

ಹೊಸಪೇಟೆ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಹುಲಿಗಿ. ಕೊಪ್ಪಳ ಜಿಲ್ಲೆಯ ಈ ಊರಲ್ಲಿ ಹುಲಿಗೆಮ್ಮನ ಗುಡಿ ಇದೆ. ಈ ಇಡೀ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ, ಅಂದರೆ ಅವರನ್ನು ದೇವದಾಸಿಯಾಗಿ ದೇವರಿಗೆ ಬಿಡುವ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿತ್ತು. ಬಳ್ಳಾರಿ ಕಡೆ ಬಸವಿ ಬಿಡುವುದು ಅನ್ನುತ್ತಾರೆ. ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತ ಮನೆಯ ಹುಡುಗಿಯರು. 1982ರಲ್ಲಿ ಇದನ್ನು ನಿಷೇಧಿಸುವ ಕಾಯ್ದೆ ಬಂತು. 1993-94ರ ಸಮೀಕ್ಷೆ ರಾಜ್ಯದಲ್ಲಿ 22,873 ಮಂದಿಯನ್ನು ಗುರುತಿಸಿತು. 2007-08ರದ್ದು ಇನ್ನೂ 23,787 ಮಂದಿಯನ್ನು ಸೇರಿಸಿತು. ಈ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾಸಾಶನ, ಮನೆ, ಸಾಲದ ದಾರಿ ತೆರೆಯಿತು. ಬಿಟ್ಟುಹೋದವರಿಗೆ ಇಲ್ಲ.

ಹನ್ನೆರಡನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಒಬ್ಬ ಹೆಣ್ಣುಮಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಆಕೆ ತನ್ನ ಕತೆಯನ್ನು ಬೇರೆಬೇರೆ ಕಡೆ ಹೇಳಬೇಕಾಗುತ್ತದೆ. ಸಮೀಕ್ಷೆಗೆ ಬಂದವರಿಗೆ ಬೇಕಾದದ್ದು ಆಕೆ ಪಟ್ಟಿಗೆ ಸೇರುತ್ತಾಳೋ ಇಲ್ಲವೋ ಅನ್ನುವ ಉತ್ತರ. ಪೊಲೀಸರಿಗೆ, ಕೋರ್ಟಿಗೆ ಬೇಕಾದದ್ದು ಯಾರು, ಯಾವಾಗ, ಎಲ್ಲಿ, ಸಾಕ್ಷಿ ಏನು ಅನ್ನುವುದು. ಪತ್ರಿಕೆಯವರಿಗೆ, ಟಿವಿಯವರಿಗೆ ಬೇಕಾದದ್ದು ಓದಿದವರ ಕಣ್ಣು ಒದ್ದೆಯಾಗುವ ಒಂದು ಗಳಿಗೆ. ನಾಲ್ಕನೆಯದು ಆತ್ಮಕತೆ. ಮೊದಲ ಮೂರು ಕಡೆ ಪ್ರಶ್ನೆ ಕೇಳುವವರು ಬೇರೆಯವರು. ಪುಸ್ತಕದಲ್ಲಿ ಮಾತ್ರ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಆಕೆಯೇ ತೀರ್ಮಾನಿಸಬಹುದು. ಆಕೆ ಸಾಲ ತೆಗೆದು ಎಮ್ಮೆ ಕೊಂಡ ದಿನಕ್ಕೂ ಮಗಳು ಎಸ್ಸೆಸ್ಸೆಲ್ಸಿ ಪಾಸಾದ ದಿನಕ್ಕೂ ಅಲ್ಲಿ ಜಾಗ ಇದೆ. ಸಮೀಕ್ಷೆಯ ಕಾಗದದಲ್ಲಿ ಇಲ್ಲ.

ನಮ್ಮ ಗೊಂದಲದ ದೊಡ್ಡ ಪಾಲು ಈ ನಾಲ್ಕನ್ನೂ ಕಲಸುವುದರಿಂದಲೇ ಹುಟ್ಟುತ್ತದೆ. ಪುಸ್ತಕ ಓದಿ ‘ಸಾಕ್ಷಿ ಎಲ್ಲಿ’ ಅನ್ನುತ್ತೇವೆ. ಪೊಲೀಸ್ ಠಾಣೆಗೆ ಬಂದವಳು ತನ್ನ ಇಡೀ ಬದುಕು ಹೇಳಲು ಶುರು ಮಾಡಿದರೆ ‘ವಿಷಯಕ್ಕೆ ಬಾ’ ಅನ್ನುತ್ತೇವೆ.

ಹೆಸರು ಹಾಕಬಹುದಾ?

ಹಾಕಬಹುದು, ಆಕೆ ಬೇಕೆಂದರೆ. ಲೈಂಗಿಕ ಹಿಂಸೆಗೆ ಒಳಗಾದವರ ಗುರುತು ಹೊರಗೆಡವುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅಪರಾಧ. ಮೊದಲು ಇದು ಐಪಿಸಿಯ 228ಎ ಆಗಿತ್ತು. ಆದರೆ ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ಆಕೆಯೇ ಪ್ರಕಟಿಸಿದರೆ, ಅಥವಾ ಆಕೆ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿದ್ದರೆ, ಅದು ಅಪರಾಧ ಅಲ್ಲ. ಅಂದರೆ ಕಾನೂನು ತಡೆಯುವುದು ಬೇರೆಯವರ ಬಾಯನ್ನು, ಆಕೆಯ ಬಾಯನ್ನಲ್ಲ.

ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಆದದ್ದನ್ನು ನೆನೆಸಿಕೊಂಡರೆ ಸಾಕು. ಲೈಂಗಿಕ ಹಿಂಸೆಗೆ ಒಳಗಾದ ಹೆಣ್ಣುಮಕ್ಕಳ ವಿಡಿಯೋಗಳು ಪೆನ್‌ಡ್ರೈವ್‌ಗಳಲ್ಲಿ ಊರೂರು ಸುತ್ತಿದವು. ಅವರನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ಫ್ರಾನ್ಸ್‌ನಲ್ಲಿ ಜಿಸೆಲ್ ಪೆಲಿಕೊ ಎಂಬ ಮಹಿಳೆ ತನ್ನ ಮೇಲಿನ ಅತ್ಯಾಚಾರ ಪ್ರಕರಣದ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ಬೇಡ, ಎಲ್ಲರೆದುರು ನಡೆಯಲಿ ಎಂದರು. ನಾಚಿಕೆಪಡಬೇಕಾದವರು ತಾನಲ್ಲ ಅನ್ನುವುದು ಅವರ ವಾದ. ಡಿಸೆಂಬರ್ 19ರಂದು ಅಲ್ಲಿನ ಕೋರ್ಟು 51 ಗಂಡಸರನ್ನು ತಪ್ಪಿತಸ್ಥರು ಎಂದಿತು. ಹಾಸನದಲ್ಲೂ ಫ್ರಾನ್ಸ್‌ನಲ್ಲೂ ಗುಟ್ಟು ಬಯಲಾಯಿತು. ಆದರೆ ಒಂದು ಕಡೆ ಅದು ಇನ್ನೊಂದು ಹಿಂಸೆ. ಮತ್ತೊಂದು ಕಡೆ ಆಕೆಯದೇ ತೀರ್ಮಾನ.

ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಮಗುವಿನ ಹೆಸರು, ವಿಳಾಸ, ಫೋಟೊ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮಗಳು ಹೊರಗೆ ಹಾಕುವಂತಿಲ್ಲ. ಮಗುವಿನ ಹಿತಕ್ಕೆ ಬೇಕು ಅನ್ನಿಸಿದರೆ ವಿಶೇಷ ಕೋರ್ಟು ಮಾತ್ರ ಅನುಮತಿ ಕೊಡಬಹುದು. ಹಾಗಾಗಿ ಅಮ್ಮ ತನ್ನ ಹೆಸರಲ್ಲಿ ಬರೆಯುವಾಗಲೂ ಮಗಳಿಗೆ ಆದದ್ದನ್ನು ಅದೇ ಪುಸ್ತಕದಲ್ಲಿ ಸೇರಿಸುವ ಮೊದಲು ನಿಂತು ಯೋಚಿಸಬೇಕು.

‘ನನ್ನ ದೇವರಿಗೆ ಬಿಟ್ರು’

ಈಗ ನಮ್ಮ ಭಾಗದ ನಿಜವಾದ ಕಗ್ಗಂಟಿಗೆ ಬರೋಣ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 50ನ್ನೂ ಮುಟ್ಟಿರಲಿಲ್ಲ. ಕೊಪ್ಪಳ, ಬಳ್ಳಾರಿಯಲ್ಲಿ ಶೇ 60ರ ಒಳಗೇ ಇತ್ತು. ಈಗ ಅರವತ್ತು ದಾಟಿದವರಲ್ಲಿ ಓದು ಬರಹ ಬಲ್ಲವರು ಇನ್ನೂ ಕಮ್ಮಿ. ಅತಿ ಹೆಚ್ಚು ನೋವು ಉಂಡ ತಲೆಮಾರಿನ ಕೈಯಲ್ಲಿ ಪೆನ್ನು ಇಲ್ಲ.

ಮಾತಿಲ್ಲ ಅಂತ ಮಾತ್ರ ಇದರ ಅರ್ಥ ಅಲ್ಲ. ಬೀಸುಕಲ್ಲಿನ ಮುಂದೆ ಕೂತು ನಸುಕಿನಲ್ಲಿ ಹಾಡಿದ ಪದಗಳಲ್ಲಿ ಅತ್ತೆ ಮನೆಯ ಏಟು, ತವರಿನ ಮರೆವು, ಸತ್ತ ಕೂಸು ಎಲ್ಲ ಇವೆ. ಜೋಗತಿಯರ ಚೌಡಿಕೆ ಪದಗಳಲ್ಲಿ ಎಲ್ಲಮ್ಮನ ಕತೆಯ ಒಳಗೇ ಹಾಡುವವಳ ಕತೆಯೂ ಸೇರಿಕೊಳ್ಳುತ್ತದೆ. ಬಳ್ಳಾರಿ ಸೀಮೆಯ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ ಅಕ್ಷರ ಕಲಿಯದೆಯೇ ದೊಡ್ಡದೊಡ್ಡ ಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. ಈ ನೆಲದಲ್ಲಿ ಬಾಯಿಮಾತಿನ ಬಲ ಹಾಗಿದೆ.

ಆ ಬಾಯಿಮಾತು ಪುಸ್ತಕ ಆಗುವಾಗ ನಡುವೆ ಒಬ್ಬರು ಬರುತ್ತಾರೆ. ಇವರನ್ನು ನಿರೂಪಕರು ಅನ್ನುತ್ತೇವೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಇದಕ್ಕೆ ಒಳ್ಳೆಯ ಉದಾಹರಣೆ. ಮನೆಯಿಂದ ದೂರವಾದದ್ದು, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡದ್ದು, ಸಾಯಲು ಹೊರಟದ್ದು, ಲೈಂಗಿಕ ಹಿಂಸೆ, ಕೊನೆಗೆ ಜೋಗತಿ ನೃತ್ಯ ಕೈಹಿಡಿದದ್ದು, ಇದನ್ನೆಲ್ಲ ಅವರು ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಅವರ ಆತ್ಮಕತೆ ‘ನಡುವೆ ಸುಳಿವ ಹೆಣ್ಣು’ ಅವರು ಹೇಳಿದ್ದು, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದು. ಅಲ್ಲಿ ಇಬ್ಬರ ಹೆಸರೂ ಇದೆ. ಅದು ಸರಿಯಾದ ಕ್ರಮ.

ಎಲ್ಲ ಕಡೆ ಹೀಗೇ ಆಗುವುದಿಲ್ಲ. ತೊಂದರೆ ಎಲ್ಲಿ ಬರುತ್ತದೆ ಅಂತ ಒಂದು ವಾಕ್ಯದಲ್ಲೇ ನೋಡಬಹುದು. ನಾವು ಮನಸ್ಸಿನಲ್ಲಿ ಇಟ್ಟುಕೊಂಡ ಆ ಹೆಣ್ಣುಮಗಳು ‘ಸಣ್ಣಾಕಿ ಇದ್ದೆ, ನನ್ನ ದೇವರಿಗೆ ಬಿಟ್ರು’ ಅಂದಳು ಅಂತಿಟ್ಟುಕೊಳ್ಳಿ. ಕೇಳಿಸಿಕೊಂಡವರು ‘ಬಾಲ್ಯದಲ್ಲೇ ನಾನು ಲೈಂಗಿಕ ಶೋಷಣೆಗೆ ತಳ್ಳಲ್ಪಟ್ಟೆ’ ಅಂತ ಬರೆದರು. ಅರ್ಥ ಅದೇ ಅಲ್ವಾ ಅಂತ ಅನ್ನಿಸಬಹುದು. ಅಲ್ಲ. ‘ಬಿಟ್ರು’ ಅನ್ನುವ ಮಾತು ಒಳಗೆ ಹೊತ್ತುಕೊಂಡ ಎಷ್ಟೋ ಸಂಗತಿಗಳು ಎರಡನೇ ವಾಕ್ಯದಲ್ಲಿ ಇಲ್ಲ.

ಮೊದಲನೆಯದಾಗಿ, ಯಾರು ಬಿಟ್ಟರು? ಕನ್ನಡದಲ್ಲಿ ಮಾಡಿದವರ ಹೆಸರು ಹೇಳದೆಯೇ ವಾಕ್ಯ ಪೂರ್ತಿಯಾಗುತ್ತದೆ. ‘ಬಿಟ್ರು’ ಅಂದರೆ ಅಮ್ಮ ಇರಬಹುದು, ಅಜ್ಜಿ ಇರಬಹುದು, ಪೂಜಾರಿ, ಹಳೇ ಜೋಗತಿ, ಊರಿನ ದೊಡ್ಡವರು, ಎಲ್ಲರೂ ಇರಬಹುದು. ಹೊರಗಿನವರಿಗೆ ಇದು ತಪ್ಪಿಸಿಕೊಳ್ಳುವ ಮಾತಿನ ಹಾಗೆ ಕೇಳುತ್ತದೆ. ಆದರೆ ಹೆಚ್ಚಿನ ಸಲ ಆ ಖಾಲಿ ಜಾಗದಲ್ಲಿ ಆಕೆ ಬಚ್ಚಿಟ್ಟಿರುವುದು ತನ್ನ ಹಡೆದವ್ವನನ್ನು. ಕೂದಲು ಜಡೆಗಟ್ಟಿತು, ಕಾಯಿಲೆ ಬಂತು, ಗಂಡು ಮಗ ಇಲ್ಲ, ಮುಪ್ಪಿನಲ್ಲಿ ನೋಡುವವರಿಲ್ಲ, ಹೊಟ್ಟೆಗಿಲ್ಲ, ಊರಿನವರ ಒತ್ತಾಯ ಬೇರೆ. ಇದೆಲ್ಲ ಸೇರಿ ಅಮ್ಮನೇ ಕೈಹಿಡಿದು ಗುಡಿಗೆ ಕರೆದೊಯ್ದಿರುತ್ತಾಳೆ. ಆ ಅಮ್ಮನಿಗೂ ಅವಳ ಅಮ್ಮ ಮುತ್ತು ಕಟ್ಟಿಸಿರಬಹುದು.

ಈ ಜಾಗಕ್ಕೆ ಕಾನೂನು ಬಂದರೆ ಏನಾಗುತ್ತದೆ ನೋಡಿ. 1982ರ ಕಾಯ್ದೆಯಲ್ಲಿ ಮುತ್ತು ಕಟ್ಟಿಸಿದವರು ತಂದೆ ತಾಯಿ ಅಥವಾ ನೆಂಟರಾಗಿದ್ದರೆ ಬೇರೆಯವರಿಗಿಂತ ಜಾಸ್ತಿ ಶಿಕ್ಷೆ ಇತ್ತು. ಕಮ್ಮಿ ಅಂದರೂ ಎರಡು ವರ್ಷ, ಐದು ವರ್ಷದವರೆಗೂ ಜೈಲು. ಹುಡುಗಿಯನ್ನು ಕಾಪಾಡಲು ಮಾಡಿದ ನಿಯಮ ಇದು, ಉದ್ದೇಶ ಸರಿಯಾಗಿಯೇ ಇದೆ. ಆದರೆ ಬದುಕಿನ ಕತೆ ಹೇಳಲು ಕೂತವಳಿಗೆ ಇದರ ಪರಿಣಾಮ ಬೇರೆ. ‘ನಮ್ಮವ್ವ’ ಅಂತ ಬಾಯಿಬಿಟ್ಟರೆ ಅವ್ವ ಅಪರಾಧಿ. ‘ಊರ ದೊಡ್ಡವರು’ ಅಂದರೆ ಊರಲ್ಲಿ ಇರಲಾಗದು. ಹಾಗಾಗಿ ‘ಬಿಟ್ರು’. ಆ ಒಂದು ಕ್ರಿಯಾಪದದಲ್ಲಿ ಆಕೆ ಸತ್ಯವನ್ನೂ ಹೇಳಿದ್ದಾಳೆ, ತನ್ನವರನ್ನೂ ಕಾಪಾಡಿದ್ದಾಳೆ. ನಿರೂಪಕರು ಅದನ್ನು ಬಿಡಿಸಿ ಹೆಸರು ತುಂಬಿದರೆ ಅಥವಾ ಪುಸ್ತಕದ ಕನ್ನಡಕ್ಕೆ ಇಸ್ತ್ರಿ ಮಾಡಿದರೆ, ಆಕೆ ಇಷ್ಟು ವರ್ಷ ಜೋಪಾನವಾಗಿ ಹಿಡಿದಿದ್ದ ತೂಕ ತಪ್ಪುತ್ತದೆ.

ಎರಡನೆಯದು, ‘ಶೋಷಣೆ’ ಅನ್ನುವುದು ಆಕೆಯ ಮಾತಲ್ಲದೆಯೂ ಇರಬಹುದು. ಸಂಘಟನೆಗೆ ಬಂದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಆ ಪದವನ್ನು ತಮ್ಮದಾಗಿಸಿಕೊಂಡಿದ್ದಾರೆ, ಅದರಿಂದ ಬಲ ಪಡೆದಿದ್ದಾರೆ. ಅಂಥವರು ಹೇಳಿದರೆ ಆ ಪದ ಇರಲಿ. ಹೇಳದಿದ್ದವರ ಬಾಯಲ್ಲಿ ಇಟ್ಟರೆ ಅದು ನಿರೂಪಕರ ತೀರ್ಪು, ಆಕೆಯ ನೆನಪಲ್ಲ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದರು?

ಈ ಪ್ರಶ್ನೆ ಕೇಳುವವರಲ್ಲಿ ಎಲ್ಲರೂ ಕೆಟ್ಟವರಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುವವರೇ ಜಾಸ್ತಿ. ಕಾರಣಗಳು ಸರಳವಾಗಿವೆ. ಹೇಳಿದರೆ ಕೂಲಿ ಹೋಗುತ್ತದೆ, ಮಗಳ ಮದುವೆ ನಿಲ್ಲುತ್ತದೆ, ಹೊಡೆದವನ ಹೊಲದಲ್ಲೇ ನಾಳೆ ಕಳೆ ತೆಗೆಯಬೇಕು. ಇವು ಒಂದೊಂದಾಗಿ ಕಳಚಿದ ಮೇಲೇ ಬಾಯಿ ತೆರೆಯುತ್ತದೆ. ಮಗಳ ಮದುವೆ ಆಯಿತು, ಅವ್ವ ತೀರಿಕೊಂಡಳು, ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಆಗ ಹೇಳುತ್ತಾಳೆ. ವಿಜಯಾ ಅವರ ‘ಕುದಿ ಎಸರು’ ಆತ್ಮಕತೆಗೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಹಿರಿಯ ವಯಸ್ಸಿನವರು. ದಾಂಪತ್ಯದ ಹಿಂಸೆಯನ್ನು ಅಷ್ಟು ನೇರವಾಗಿ ಹೇಳಲು ಅಷ್ಟು ದೂರ ನಡೆದು ಬರಬೇಕಾಯಿತು.

ಕಾಲಮಿತಿಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಕೆಲಸದ ಜಾಗದ ಕಿರುಕುಳದ ಬಗ್ಗೆ ಆಂತರಿಕ ಸಮಿತಿಗೆ ದೂರು ಕೊಡಲು 2013ರ ಕಾಯ್ದೆ ಮೂರು ತಿಂಗಳು ಕೊಡುತ್ತದೆ, ಕಾರಣ ಇದ್ದರೆ ಇನ್ನೂ ಮೂರು. ಇದನ್ನೇ ಎಲ್ಲದಕ್ಕೂ ಅನ್ವಯಿಸಿ ‘ಟೈಮ್ ಆಗಿಹೋಯ್ತು’ ಅನ್ನುವವರಿದ್ದಾರೆ. ಅತ್ಯಾಚಾರದಂಥ ಗಂಭೀರ ಅಪರಾಧಕ್ಕೆ ಅಂಥ ಮಿತಿ ಇಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಿಗೆ ಕಾಲಮಿತಿ ಹಾಕಿಲ್ಲ. ತಡವಾದರೆ ಸಾಬೀತು ಮಾಡುವುದು ಕಷ್ಟ, ಅದು ಬೇರೆ ಮಾತು.

ನೆನಪಿನ ವಿಷಯ. ಭಯದ ಗಳಿಗೆಯಲ್ಲಿ ಮನಸ್ಸು ಕೆಲವನ್ನು ತೀರಾ ಸ್ಪಷ್ಟವಾಗಿ ಹಿಡಿಯುತ್ತದೆ. ಚಿಮಣಿ ಎಣ್ಣೆಯ ವಾಸನೆ, ಬಾಗಿಲ ಅಗಳಿಯ ಸದ್ದು. ತಾರೀಖು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಮಸುಕಾಗುತ್ತದೆ. ಕೋರ್ಟಿನ ಅಡ್ಡಪ್ರಶ್ನೆ ಹಿಡಿಯುವುದು ಈ ಎರಡನೆಯದನ್ನೇ. ಹಾಗಂತ ನೆನಪು ತಪ್ಪುವುದೇ ಇಲ್ಲ ಅಂತಲ್ಲ. ಎಲ್ಲರ ನೆನಪೂ ತಪ್ಪುತ್ತದೆ. ಆದರೆ ಇಸವಿ ತಪ್ಪಿದೆ ಅಂತ ಏಟೇ ಬಿದ್ದಿಲ್ಲ ಅನ್ನಲಾಗದು.

ಎದುರು ಕಡೆಯವರ ಮಾತು

ಆತ್ಮಕತೆಯಲ್ಲಿ ಒಬ್ಬರ ಕಡೆಯ ಮಾತು ಮಾತ್ರ ಇರುತ್ತದೆ, ಹೆಸರಿಸಿದವನಿಗೆ ಉತ್ತರ ಕೊಡಲು ಜಾಗ ಎಲ್ಲಿ ಅನ್ನುವ ಆಕ್ಷೇಪ ಇದೆ. ಇದನ್ನು ತಳ್ಳಿಹಾಕಬಾರದು. ಅದಕ್ಕೇ ಮಾನಹಾನಿಯ ಕಾನೂನಿದೆ. ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ಸತ್ತವರ ಬಗ್ಗೆ ಬರೆದದ್ದೂ ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ ಅದರೊಳಗೆ ಬರುತ್ತದೆ. ಹೇಳಿದ್ದು ಸತ್ಯವಾಗಿದ್ದು, ಜನರ ಒಳಿತಿಗಾಗಿ ಹೇಳಿದ್ದಾದರೆ ರಕ್ಷಣೆ ಇದೆ. ಆದರೆ ಬಡವಳಿಗೆ ಶಿಕ್ಷೆಗಿಂತ ಮೊದಲು ಕಾಡುವುದು ವಕೀಲರ ಫೀಸು, ತಾರೀಖಿಗೆ ತಾರೀಖಿಗೆ ಬಸ್ ಹತ್ತುವುದು.

2021ರ ಫೆಬ್ರುವರಿ 17ರಂದು ದೆಹಲಿಯ ಕೋರ್ಟು ಪತ್ರಕರ್ತೆ ಪ್ರಿಯಾ ರಮಾನಿಯವರನ್ನು ಮಾಜಿ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಇಂಥದ್ದೇ ಮಾನಹಾನಿ ಮೊಕದ್ದಮೆಯಿಂದ ಬಿಡುಗಡೆ ಮಾಡಿತು. ಹೆಣ್ಣು ತನ್ನ ದೂರನ್ನು ದಶಕಗಳ ನಂತರವೂ, ತಾನು ಆರಿಸಿಕೊಂಡ ವೇದಿಕೆಯಲ್ಲಿ ಹೇಳಬಹುದು ಅಂದಿತು. ಇದು ಕೆಳಗಿನ ಕೋರ್ಟಿನ ತೀರ್ಪು, ದೇಶದ ಎಲ್ಲ ಕೋರ್ಟುಗಳೂ ಇದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೂ ಬರೆಯುವವರಿಗೆ ಧೈರ್ಯ ಕೊಟ್ಟಿತು. 1994ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು, ತಮಿಳುನಾಡಿನ ಒಬ್ಬ ಕೈದಿಯ ಆತ್ಮಕತೆಯ ಪ್ರಕರಣದಲ್ಲಿ, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಲು ಯಾರ ಅನುಮತಿಯೂ ಬೇಡ, ಅದರಾಚೆಗಿನ ಖಾಸಗಿ ಬದುಕಿಗೆ ಒಪ್ಪಿಗೆ ಬೇಕು ಅಂತ ಗೆರೆ ಎಳೆದಿದೆ.

ಇನ್ನೊಂದು ಆಕ್ಷೇಪ ಹೆಣ್ಣುಮಕ್ಕಳ, ದಲಿತರ ಒಳಗಿನಿಂದಲೇ ಬರುತ್ತದೆ. ನಮ್ಮ ಗಾಯವನ್ನೇ ಓದಲು ಇವರಿಗೆ ಯಾಕಿಷ್ಟು ಆಸೆ ಅಂತ. ಗಾಯ ಇದ್ದರಷ್ಟೇ ಪುಸ್ತಕ ಅನ್ನುವಂತಾದರೆ ದುಡಿದದ್ದು, ನಕ್ಕದ್ದು, ಸಂಘ ಕಟ್ಟಿದ್ದು ಎಲ್ಲ ಮುನ್ನುಡಿಯ ಎರಡು ಸಾಲಿಗೆ ಇಳಿಯುತ್ತದೆ. ನನಗೆ ಈ ಮಾತು ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ. ಮನೆ ಮಾತು ಬೀದಿಗೆ ತರಬಾರದು ಅನ್ನುವ ಹಳೇ ಆಕ್ಷೇಪಕ್ಕೆ ಮಾತ್ರ ಉತ್ತರ ಬೇಕಿಲ್ಲ. ಊರ ಜನರೆಲ್ಲ ಸೇರಿ, ವಾದ್ಯ ಬಾರಿಸಿಕೊಂಡು ಮುತ್ತು ಕಟ್ಟಿದ್ದು ಯಾವತ್ತೂ ಬರೀ ಮನೆಯ ಮಾತಾಗಿರಲಿಲ್ಲ.

ಬರೆದರೆ ನೋವು ಕಮ್ಮಿ ಆಗುತ್ತಾ?

‘ಬರೆದುಬಿಡಿ, ಹಗುರಾಗ್ತೀರಿ’ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರ್ತಿ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿ ನೋಡಿದರು. ತಮ್ಮ ಕಷ್ಟದ ನೆನಪುಗಳನ್ನು ಆಳವಾಗಿ ಬರೆದವರಿಗೆ ಬರೆದ ಕೂಡಲೇ ಬೇಸರ ಜಾಸ್ತಿಯಾಯಿತು. ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಮ್ಮಿಯಾಯಿತು. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರಾಸರಿ ಲಾಭ ಇದೆ, ಆದರೆ ಸಣ್ಣದು ಅಂತ ಕಂಡಿತು.

ಆ ವಿದ್ಯಾರ್ಥಿಗಳು ಬರೆದದ್ದನ್ನು ಯಾರೂ ಅಚ್ಚು ಹಾಕಲಿಲ್ಲ ಅನ್ನುವುದನ್ನು ಇಲ್ಲಿ ಮರೆಯಬಾರದು. ತನಗಾಗಿ ಬರೆಯುವುದು ಒಂದು, ಊರಿಗಾಗಿ ಅಚ್ಚು ಹಾಕುವುದು ಇನ್ನೊಂದು. ಪುಸ್ತಕ ಬಂದ ಮೇಲೆ ಸಭೆಯಿಂದ ಸಭೆಗೆ ಅದೇ ಪುಟವನ್ನು ಓದಿಸುತ್ತಾರೆ. ಪ್ರತಿ ಸಲವೂ ಗಾಯದ ಸಿಪ್ಪೆ ಕಿತ್ತ ಹಾಗೆ. ಆ ರಾತ್ರಿ ಆಕೆ ಒಬ್ಬಳೇ ಮಲಗುತ್ತಾಳೆ.

ಹಳ್ಳಿಯವರ ಮನಸ್ಸಿನ ಆರೈಕೆಗೆ ಬಳ್ಳಾರಿಯೇ ಒಮ್ಮೆ ದೇಶಕ್ಕೆ ದಾರಿ ತೋರಿಸಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದರು. ‘ಬಳ್ಳಾರಿ ಮಾದರಿ’ ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ಈಗ ಮನಸ್ಸಿನ ನೋವಿಗೆ ನೆರವಾಗುವ ಸಹಾಯವಾಣಿ, 14416 ನಂಬರಿನ ಟೆಲಿ ಮಾನಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಬಾಳಿನ ಕತೆ ಹೇಳಿಸಲು ರೆಕಾರ್ಡರ್ ಹಿಡಿದು ಹೋಗುವವರು ಈ ನಂಬರನ್ನೂ, ಜೊತೆಗೆ ಮರುದಿನ ಬಂದು ವಿಚಾರಿಸುವ ಒಬ್ಬ ಗೆಳತಿಯನ್ನೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಪುಸ್ತಕ ಯಾರದು?

ಕೃತಿಸ್ವಾಮ್ಯದ ಕಾನೂನು 1957ರದ್ದು. ಅದು ಮೊದಲು ನೋಡುವುದು ಬರೆದವರನ್ನು. ಬಾಯಲ್ಲಿ ಹೇಳಿದವಳ ಪಾಲು ಎಷ್ಟು ಅನ್ನುವುದು ಒಪ್ಪಂದ ಇಲ್ಲದಿದ್ದರೆ ವಿವಾದಕ್ಕೆ ಬೀಳುತ್ತದೆ. ಕೃತಿಸ್ವಾಮ್ಯ ಲೇಖಕರ ಜೀವಮಾನ ದಾಟಿ 60 ವರ್ಷ ಇರುತ್ತದೆ. ಅನುವಾದ, ನಾಟಕ, ಸಿನಿಮಾ ಎಲ್ಲ ಅದರಿಂದ ಬರುವ ಹಕ್ಕುಗಳೇ. ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿ, ಒಂದು ಪುಟದ ಕಾಗದ ಮಾಡಿಕೊಳ್ಳುವುದು ಕಷ್ಟದ ಕೆಲಸ ಅಲ್ಲ. ಇಬ್ಬರ ಹೆಸರೂ ಮುಖಪುಟದಲ್ಲಿ ಇರುತ್ತದಾ, ಬಂದ ದುಡ್ಡಿನಲ್ಲಿ ಪಾಲೆಷ್ಟು, ಸಿನಿಮಾದವರು ಬಂದರೆ ಯಾರನ್ನು ಕೇಳಬೇಕು, ಅಚ್ಚಿಗೆ ಹೋಗುವ ಮೊದಲು ಆಕೆ ಬೇಡ ಅಂದರೆ ಏನು. ಇಷ್ಟು ಸಾಕು.

ಆಮೇಲೆ ಇಡೀ ಕರಡನ್ನು ಆಕೆಗೆ ಜೋರಾಗಿ ಓದಿ ಹೇಳಬೇಕು. ಆಕೆಯ ಮಾತಿನಲ್ಲೇ, ಒಂದೇ ದಿನ ಮುಗಿಸದೆ. ‘ಇದನ್ನ ತೆಗೀರಿ’ ಅಂದ ಸಾಲು ಎಷ್ಟೇ ಚೆನ್ನಾಗಿದ್ದರೂ ಹೋಗಬೇಕು. ‘ಬಿಟ್ರು’ ಅಂದ ಕಡೆ ಯಾರು ಅಂತ ಒಮ್ಮೆ ಕೇಳಬಹುದು. ಎರಡನೇ ಸಲ ಕೇಳಬಾರದು.

ಪರಿಸ್ಥಿತಿ ಬದಲಾಗುತ್ತಲೂ ಇದೆ. ಈ ತಾಯಂದಿರ ಮಕ್ಕಳು ಓದಿದ್ದಾರೆ. ಕಾಲೇಜು ಮುಗಿಸಿದ್ದಾರೆ, ಕೆಲವರು ವಕೀಲಿಕೆಗೂ ಪತ್ರಿಕೆಗೂ ಹೋಗಿದ್ದಾರೆ. ಅಪ್ಪನ ಹೆಸರಿನ ಜಾಗ ಖಾಲಿ ಬಿಡುವ ಹಕ್ಕು ಸಿಕ್ಕ ಮೇಲೆ ಇನ್ನಷ್ಟು ಮಂದಿ ಹೋಗುತ್ತಾರೆ. ಮುಂದಿನ ನಿರೂಪಕಿ ಮಗಳೇ ಆಗಬಹುದು. ಆಗ ಭಾಷೆಯ ತೊಡಕು ಕಮ್ಮಿಯಾಗುತ್ತದೆ, ನಂಬಿಕೆ ಜಾಸ್ತಿಯಾಗುತ್ತದೆ. ಆದರೆ ಮಗಳೆದುರು ಹೇಳಲಾಗದ್ದೂ ಇರುತ್ತದೆ, ಮಗಳು ಕೇಳಲಾಗದ್ದೂ ಇರುತ್ತದೆ. ಆ ಕತೆಯಲ್ಲಿ ಅವಳು ಹುಟ್ಟಿದ ಪುಟವೂ ಇದೆ. ಅದನ್ನು ಯಾರು ಯಾರಿಗೆ ಓದಿ ಹೇಳಬೇಕು ಅನ್ನುವುದು ಕೊಪ್ಪಳ, ರಾಯಚೂರಿನ ಮನೆಗಳಲ್ಲಿ ಅಮ್ಮ ಮಗಳು ಇಬ್ಬರೇ ಕೂತು ತೀರ್ಮಾನಿಸಬೇಕಾದ ಸಂಗತಿ.